ಎಡಗಾಲು ಮೊದಲು

ತಾಯ್ ಚಿ ಅಂದರೇನು ಎಂದು ನಮ್ಮ ಯಜಮಾನರು ಕೇಳಿದಾಗ, ಚೀನಾದವರು ಮಾಡುವ ನಿಧಾನದ ವ್ಯಾಯಾಮ ಎಂದೆ. ಸೋಫಾದಲ್ಲಿ ಕೂತಿದ್ದ ಅವರು ನನ್ನ ಮುಖ ನೋಡಿ, "ಚೈನಾ ಮಾಲಾ? ಬಾಳಿಕೆ ಬರಲ್ಲ ಬಿಡು" ಅಂದರು. ಆಗಿನ್ನೂ ಅವರಿಗೆ ತಮಾಷೆ ಮಾಡಲು ಬರುತ್ತಿತ್ತು. ನಗು ಮಾತ್ರ ಮುಖಕ್ಕೆ ಬರುತ್ತಿರಲಿಲ್ಲ. ಮುಖ ಬಿಗಿದುಕೊಳ್ಳುವುದೂ ಈ ಕಾಯಿಲೆಯ ಲಕ್ಷಣವೇ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವರು ಆಡಿದ್ದು ತಮಾಷೆಯೋ ಸಿಟ್ಟೋ ಎಂದು ನಾನೇ ಊಹಿಸಿಕೊಳ್ಳಬೇಕಿತ್ತು.

ಕಾಯಿಲೆಯ ಹೆಸರು ಪಾರ್ಕಿನ್ಸನ್. ಸಿಂಗಸಂದ್ರದ ನಮ್ಮ ಬೀದಿಯಲ್ಲಿ ಅದನ್ನು ನಡುಕದ ಕಾಯಿಲೆ ಅನ್ನುತ್ತಾರೆ. ಆದರೆ ನಮ್ಮವರಿಗೆ ನಡುಕ ಅಷ್ಟಾಗಿ ಇರಲಿಲ್ಲ. ಅವರಿಗಿದ್ದದ್ದು ಕಾಲು ಅಂಟಿಕೊಳ್ಳುವ ತೊಂದರೆ. ಬಯಲಲ್ಲಿ ಚೆನ್ನಾಗಿಯೇ ನಡೆಯುವವರು ಬಾಗಿಲ ಹತ್ತಿರ ಬಂದ ಕೂಡಲೇ ನಿಂತುಬಿಡುತ್ತಿದ್ದರು. ಬಲಗಾಲು ನೆಲಕ್ಕೆ ಕಚ್ಚಿಕೊಂಡುಬಿಡುತ್ತಿತ್ತು. ಮೈಯೆಲ್ಲ ಮುಂದಕ್ಕೆ ಹೊರಟಿದೆ, ಕಾಲು ಮಾತ್ರ ಬರುವುದಿಲ್ಲ. ಬಾಗಿಲು, ಇಕ್ಕಟ್ಟಾದ ಜಾಗ, ತಿರುವು ಇಂಥಲ್ಲೆಲ್ಲ ಹೀಗಾಗುತ್ತದೆ, ಬೀಳದ ಹಾಗೆ ನೋಡಿಕೊಳ್ಳುವುದೇ ಮುಖ್ಯ, ಒಂದು ಸಲ ಬಿದ್ದು ಮೂಳೆ ಮುರಿದರೆ ಈ ಕಾಯಿಲೆಯವರು ಮತ್ತೆ ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು. ಮಾತ್ರೆಯ ಜೊತೆಗೆ ಯೋಗವೋ ತಾಯ್ ಚಿಯೋ ಏನಾದರೂ ಮಾಡಿಸಿ ಎಂದೂ ಹೇಳಿದರು. ಅವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಇವರು ಬೀಳಬಾರದು.

ನಮ್ಮವರು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಗೆ ಸ್ಟಾಫ್ ಬಸ್ಸು ಓಡಿಸುತ್ತಿದ್ದವರು. ಮೇಲ್ಸೇತುವೆ ಬರುವುದಕ್ಕೆ ಮುಂಚಿನಿಂದ ಹೊಸೂರು ರಸ್ತೆಯ ಒಂದೊಂದು ಗುಂಡಿಯೂ ಗೊತ್ತಿದ್ದವರು. ಆಕ್ಸಿಲರೇಟರು, ಬ್ರೇಕು ಎರಡೂ ಬಲಗಾಲಿನ ಕೆಲಸ. "ನಿಮ್ಗೆಲ್ಲಾ ಕೈಯಿಂದ ಅನ್ನ ಉಟ್ತದೆ, ನಂಗೆ ಬಲಗಾಲಿಂದ" ಎಂದು ಮಗನ ಮುಂದೆ ಜಂಬ ಕೊಚ್ಚುತ್ತಿದ್ದರು. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಅಷ್ಟು ಜನರನ್ನು ಹೊತ್ತ ಬಸ್ಸನ್ನು ಒಂದು ಹೆಬ್ಬೆರಳಿನ ಒತ್ತಡದಲ್ಲಿ ನಿಲ್ಲಿಸುತ್ತಿದ್ದ ಕಾಲು ಈಗ ತನ್ನನ್ನು ತಾನೇ ಎತ್ತಿಕೊಳ್ಳುತ್ತಿರಲಿಲ್ಲ. ಡ್ರೈವರ್ ಕೆಲಸವೆಂದು ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಆದರೂ ಒಂದು ಬೆಳಿಗ್ಗೆ ಬೇಕರಿ ಮೆಟ್ಟಿಲ ಮುಂದೆ ಕಾಲು ಅಂಟಿಕೊಂಡು ಓಲಾಡುತ್ತ ನಿಂತಾಗ, ಜೊತೆಯಲ್ಲಿ ಬೆಳೆದವನೊಬ್ಬ, "ಏನಣ್ಣಾ, ಬೆಳ್ಗೆ ಬೆಳ್ಗೆನೇ ಆಕ್ಬಿಟ್ಟಿದ್ದೀಯಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ನಾನು ಅಲ್ಲೇ ಅವನಿಗೆ ಚೆನ್ನಾಗಿ ಬೈದೆ. ನಮ್ಮವರು ಮತ್ತೆ ಆ ಬೇಕರಿ ಕಡೆಗೆ ಹೋಗಲಿಲ್ಲ.

ನನ್ನ ಬಾಯಿ ಜೋರು ಎಂಬುದು ಊರಿಗೆಲ್ಲ ಗೊತ್ತು. ಪ್ರೈಮರಿ ಸ್ಕೂಲಿನಲ್ಲಿ ಮಿಸ್ಸಾಗಿದ್ದವಳು ನಾನು. ಬೇಗ ಬರೀರಿ, ಬೇಗ ತಿನ್ನಿ, ಬೇಗ ಲೈನಲ್ಲಿ ನಿಂತ್ಕೊಳ್ಳಿ ಎಂದು ಕೂಗಿ ಕೂಗಿಯೇ ರಿಟೈರಾದೆ. ನಿಧಾನ ಅಂದರೆ ನನಗೆ ಆಗದು. ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲಲಾರದೆ ಎಷ್ಟು ಸಲ ಉಕ್ಕಿಸಿದ್ದೇನೋ. ಅಂಥವಳು ಒಂದು ಕೈ ಎತ್ತಲು ಅರ್ಧ ನಿಮಿಷ ತೆಗೆದುಕೊಳ್ಳುವ ವಿದ್ಯೆ ಕಲಿಯಲು ಹೊರಟೆ. ಇವರೊಬ್ಬರನ್ನೇ ಕಳಿಸುವ ಹಾಗಿರಲಿಲ್ಲ, ಹೋಗಿ ಬೆಂಚಿನ ಮೇಲೆ ಕೂರುವುದೂ ನನ್ನಿಂದಾಗದು, ಅದಕ್ಕೇ.

ಕೆರೆ ಪಕ್ಕದ ಪಾರ್ಕಿನಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ತರಗತಿ. ಹತ್ತಿರದ ಅಪಾರ್ಟ್‌ಮೆಂಟಿನವರು ಸೇರಿ ಶುರು ಮಾಡಿದ್ದು, ಯಾರು ಬೇಕಾದರೂ ಬರಬಹುದು. ಅವರು ಟ್ರ್ಯಾಕ್ ಪ್ಯಾಂಟಿನಲ್ಲಿ ಬರುತ್ತಿದ್ದರು, ಹಳೇ ಊರಿನ ನಾವು ನಾಲ್ಕೈದು ಹೆಂಗಸರು ಸೀರೆಯ ಕೆಳಗೆ ಮಕ್ಕಳ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೋಗುತ್ತಿದ್ದೆವು. ಚಳಿಗಾಲದಲ್ಲಿ ಗಂಡಸರ ತಲೆಗೆಲ್ಲ ಮಂಕಿ ಕ್ಯಾಪು. ಕಲಿಸುವಾಕೆ ನಲವತ್ತರ ಆಸುಪಾಸಿನ ಹೆಂಗಸು, ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಪಾಠ ಮುಗಿಸಿ ಅಲ್ಲಿಂದಲೇ ಸ್ಕೂಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಆದರೂ ಕಲಿಸುವವಳೆಂದು ಎಲ್ಲರೂ ಮೇಡಂ ಅನ್ನುತ್ತಿದ್ದೆವು.

ಮೊದಲ ದಿನ ಮೇಡಂ ನಮ್ಮನ್ನು ಸುಮ್ಮನೆ ನಿಲ್ಲಿಸಿದಳು. ನಿಂತೇ ಇದ್ದೆವು. ಕೆರೆಯಿಂದ ಕೊಳಚೆ ವಾಸನೆ ಬರುತ್ತಿತ್ತು, ಆಚೆ ರಸ್ತೆಯಲ್ಲಿ ಹಾರ್ನುಗಳು. ನನಗೆ ತಲೆ ಕೆಟ್ಟುಹೋಯಿತು. ಇದನ್ನು ಕಲಿಯಲು ಇಲ್ಲಿಗೆ ಬರಬೇಕಿತ್ತೇ, ಬಸ್‌ಸ್ಟಾಪಿನಲ್ಲಿ ನಿಂತರೆ ಸಾಕಿತ್ತಲ್ಲ ಅನ್ನಿಸಿತು. ಆಮೇಲೆ ಅವಳು ಹೇಳಿದ್ದು ಇಷ್ಟು.

"ಈಗ ನಿಧಾನಕ್ಕೆ ರೈಟ್ ಲೆಗ್ ಮೇಲೆ ಪೂರ್ತಿ ವೇಯ್ಟ್ ಹಾಕಿ. ಪೂರ್ತಿ. ಲೆಫ್ಟ್ ಲೆಗ್ ಖಾಲಿ ಆಯ್ತಾ? ಈಗ ಅದನ್ನ ಎತ್ತಿ ಪಕ್ಕಕ್ಕಿಡಿ. ಖಾಲಿ ಆದ ಕಾಲು ತಾನಾಗೇ ಬರುತ್ತೆ. ಭಾರ ಇರೋ ಕಾಲನ್ನ ಮಾತ್ರ ಎಳೀಬೇಡಿ ಆಂಟಿ, ಎಳೆದ್ರೆ ಬೀಳ್ತೀರ."

ಒಂದು ಬಿಂದಿಗೆಯ ನೀರನ್ನು ಇನ್ನೊಂದಕ್ಕೆ ಬಗ್ಗಿಸಿದ ಹಾಗೆ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬಗ್ಗಿಸಬೇಕು. ಈ ವಿದ್ಯೆಯಲ್ಲಿ ಎಲ್ಲಕ್ಕೂ ಇದೇ ಮೂಲ. ನಮ್ಮ ಊರಿನ ಹೆಂಗಸರು ಗೊಣಗಿದ್ದು ಬೇರೆ ಕಾರಣಕ್ಕೆ. ಕೈಕಾಲಿನ ಯಾವ ಆಟ ಶುರು ಮಾಡಿದರೂ ಮೊದಲು ಎಡಗಾಲನ್ನೇ ಇಡಿಸುತ್ತಾಳಲ್ಲ, ಬಲಗಾಲಿಡಿ ಅಂದರೆ ಇವಳ ಗಂಟೇನು ಹೋಗುತ್ತೆ ಎಂದು. ಒಬ್ಬಾಕೆ ಕೇಳಿಯೂ ಕೇಳಿದಳು. ಮೇಡಂ ನಕ್ಕು, "ಆಂಟಿ, ಇದು ಹಾಗೇ ಬಂದಿರೋದು" ಅಂದಳು.

ನಾನು ಮಾತ್ರ ನಮ್ಮವರನ್ನೇ ನೋಡುತ್ತಿದ್ದೆ. ಅವರು ಭಾರವನ್ನು ಬಲಕ್ಕೆ ಹಾಕಿ, ಉಸಿರು ಬಿಟ್ಟು, ಎಡಗಾಲನ್ನು ಎತ್ತಿ ಪಕ್ಕಕ್ಕಿಟ್ಟರು. ಒಂದಿಷ್ಟೂ ಅಂಟಿಕೊಳ್ಳಲಿಲ್ಲ. ಆಮೇಲೆ ಭಾರ ಎಡಕ್ಕೆ ಬಂತು, ಬಲಗಾಲು ಹಿಂದೆಯೇ ಬಂತು. ಎಷ್ಟೋ ತಿಂಗಳಿಂದ ನಾನು ನೋಡದ ನಡಿಗೆ ಅದು. ನನಗೆ ಅಲ್ಲೇ ಅಳು ಬಂತು. ಮಂಕಿ ಕ್ಯಾಪಿನೊಳಗಿಂದ ಅವರು ನನ್ನನ್ನು ನೋಡಿ, "ಏನೇ, ಕಣ್ಗೆ ದೂಳು ಬಿತ್ತಾ?" ಅಂದರು.

ಕೆಲವು ವಾರ ಕಳೆಯುವಷ್ಟರಲ್ಲಿ ಮೇಡಂಗೂ ವಿಷಯ ಅರ್ಥವಾಗಿತ್ತು. ಪಾಠ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಆಂಟಿ, ಅಂಕಲ್ ವೇಯ್ಟ್ ಯಾವಾಗ್ಲೂ ರೈಟ್ ಲೆಗ್ ಮೇಲೇ ನಿಂತ್ಬಿಡುತ್ತೆ. ನಿಂತಲ್ಲೇ ಲೆಫ್ಟಿಗೆ ಹಾಕ್ಸೋಕೆ ನೋಡ್ದೆ, ಆಗ್ತಿಲ್ಲ. ಅದರ ಮೇಲೇ ನಿಂತ್ಕೊಂಡು ಅದನ್ನೇ ಎತ್ತೋಕೆ ಹೋಗ್ತಾರೆ, ಹೆಂಗೆ ಬರುತ್ತೆ? ಮನೇಲೂ ಡೋರ್ ಹತ್ರ ಬಂದಾಗ ಒಂದು ಸೆಕೆಂಡ್ ನಿಂತು, ಲೆಫ್ಟ್ ಇಡ್ಲಿ. ಅಷ್ಟೇ." ಅಷ್ಟೇ ಎಂದು ಅವಳು ಅಂದಾಗ ನನಗೂ ಅಷ್ಟೇ ಅನ್ನಿಸಿತ್ತು. ಪಾರ್ಕಿನ ಕಬ್ಬಿಣದ ಗೇಟಿನಲ್ಲಿ ಅವತ್ತೇ ಮಾಡಿಸಿದೆವು. ಎಡಗಾಲಿಟ್ಟು ಸಲೀಸಾಗಿ ದಾಟಿ ಹೊರಗೆ ಬಂದರು. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಬಂದೆ, ಹಬ್ಬಕ್ಕೆ ಅಕ್ಕನ ಮನೆಗೆ ಹೋಗೋಣ, ಬೇಕರಿಗೂ ಹೋಗೋಣ, ಅವನ ಮುಂದೆಯೇ ಮೆಟ್ಟಿಲು ಹತ್ತಿ ತೋರಿಸಿ ಎಂದೆಲ್ಲ. ನಮ್ಮ ಮನೆ ಬಾಗಿಲಿಗೆ ಬಂದು ನಿಂತೆವು. ಅವರು ನಿಂತೇ ಇದ್ದರು.

"ಎಡಗಾಲು ರೀ, ಎಡಗಾಲು" ಅಂದೆ.

"ಮನೆ ಕಣೇ ಇದು" ಅಂದರು. "ಪಾರ್ಕಲ್ಲ."

ನಮ್ಮ ಹೊಸ್ತಿಲಿನ ವಿಷಯ ಹೇಳಬೇಕು. ಹೆಂಚಿನ ಮನೆ ಒಡೆದು ಬಾಡಿಗೆ ರೂಮುಗಳ ಬಿಲ್ಡಿಂಗ್ ಕಟ್ಟಿಸಿದಾಗ ಅತ್ತೆ ಒಂದೇ ಒಂದು ಹಠ ಹಿಡಿದಿದ್ದರು. ಹಳೆಯ ಹಲಸಿನ ಬಾಗಿಲುವಾಡವನ್ನು ಹೊಸ ಮನೆಗೂ ಇಡಬೇಕು. ಹಾಗೇ ಇಟ್ಟೆವು. ಟೈಲ್ಸ್ ಹಾಕಿದ ಕೆಳಮನೆಗೆ ಗೇಣೆತ್ತರದ ಹಲಸಿನ ಹೊಸ್ತಿಲು. ಅತ್ತೆ ಇರುವ ತನಕ ಅದನ್ನು ಯಾರೂ ತುಳಿಯುವ ಹಾಗಿರಲಿಲ್ಲ, ಅದರ ಮೇಲೆ ನಿಂತು ಮಾತಾಡುವ ಹಾಗಿರಲಿಲ್ಲ, ಎಡಗಾಲಿಟ್ಟು ಒಳಗೆ ಬರುವ ಹಾಗಂತೂ ಇರಲೇ ಇಲ್ಲ. ನಮ್ಮವರು ಹುಡುಗನಾಗಿದ್ದಾಗ ಆಟದ ಗಡಿಬಿಡಿಯಲ್ಲಿ ಎಡಗಾಲಿಟ್ಟು ಬಂದರೆ ಅತ್ತೆ ಅನ್ನದ ತಟ್ಟೆ ಹಿಡಿದುಕೊಂಡೇ, "ಓಗಿ ಸರ್ಯಾಗಿ ಬಾ" ಎಂದು ಹೊರಗೆ ಕಳಿಸುತ್ತಿದ್ದರಂತೆ. ಡ್ಯೂಟಿ ಮುಗಿಸಿ ಎಷ್ಟೇ ಸುಸ್ತಾಗಿ ಬಂದರೂ ಇವರು ಹೊಸ್ತಿಲ ಮುಂದೆ ಅರೆಗಳಿಗೆ ನಿಂತು, ಹೆಜ್ಜೆ ಸರಿಮಾಡಿಕೊಂಡು ಬಲಗಾಲಿಟ್ಟೇ ಬರುತ್ತಿದ್ದರು. ನಾನೂ ಸೇರಕ್ಕಿ ಒದ್ದು ಬಲಗಾಲಿಟ್ಟು ಬಂದವಳೇ. ಈಗಲೂ ನನ್ನ ಕಾಲು ನನ್ನನ್ನು ಕೇಳದೆ ಬಲವನ್ನೇ ಮುಂದಿಡುತ್ತದೆ. ಅದಕ್ಕೇ ಅವರನ್ನು ಬೈಯಲು ಬಾಯಿ ಎತ್ತಿದರೂ ಪೂರ್ತಿ ಬೈಯಲಾಗುತ್ತಿರಲಿಲ್ಲ.

ಪಾರ್ಕಿನಿಂದ ಬಂದ ಪ್ರತಿ ಸಲವೂ ಇದೇ ಆಯಿತು. ಅಲ್ಲಿ ನೀರಿನ ಹಾಗೆ ಹರಿದಾಡುವ ಮನುಷ್ಯ ಇಲ್ಲಿ ಹೊಸ್ತಿಲ ಮುಂದೆ ಬಲಗಾಲನ್ನು ಕೀಳಲು ಒದ್ದಾಡುತ್ತಾರೆ. ಕೊನೆಗೆ ಮಗ ಮೇಲಿನ ಮಹಡಿಯಿಂದ ಇಳಿದು ಬಂದು ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಇಡುತ್ತಾನೆ. ಇಡುವಾಗಲೂ "ಬಲಗಾಲು, ಬಲಗಾಲು" ಎಂದು ಅವನಿಗೆ ಹೇಳುತ್ತಾರೆ. ಹೊಸ್ತಿಲು ತೆಗೆಸಿಬಿಡೋಣ ಎಂದು ಮಗ ಒಂದು ದಿನ ಅಂದ. "ನಾನ್ ಸತ್ ಮ್ಯಾಲೆ ತೆಗ್ಸು" ಅಂದರು. ಹಿತ್ತಲ ಬಾಗಿಲಿಗೆ ಹೊಸ್ತಿಲಿಲ್ಲ, ಅಲ್ಲಿಂದ ಓಡಾಡಿ ಎಂದು ನಾನು ಕೈ ಮುಗಿದೆ. "ಇತ್ಲ ಬಾಗ್ಲಲ್ ಬರಕ್ಕೆ ನಾನೇನ್ ಕಳ್ನಾ?" ಅಂದರು. ಧ್ವನಿ ಆಗಲೇ ಇಳಿದುಹೋಗಿತ್ತು. ಆ ಜೋರು ಮಾತನ್ನೂ ನಾನು ಕಿವಿ ಹತ್ತಿರ ಇಟ್ಟು ಕೇಳಬೇಕಾಯಿತು.

ನನಗೆ ಉಳಿದದ್ದು ಮೇಡಂ ಒಬ್ಬಳೇ. ಅವಳ ಮಾತನ್ನಾದರೂ ಕೇಳಿಯಾರು ಎಂದು ಮನೆಗೆ ಕರೆದೆ. ಪಾಪ, ಆಫೀಸಿಗೆ ಹೊರಟವಳು ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಬಂದಳು. ನಮ್ಮವರನ್ನು ಒಳಗೆ ಕುರ್ಚಿಯಲ್ಲಿ ಕೂರಿಸಿ, ತಾನು ಬಾಗಿಲ ಹೊರಗೆ ನಿಂತು ಪಾಠ ಮಾಡಿದಳು. "ನೋಡಿ ಅಂಕಲ್, ಬಂದ್ರಿ, ನಿಂತ್ರಿ. ಉಸಿರು ಬಿಟ್ರಿ. ವೇಯ್ಟ್ ರೈಟಿಗೆ. ಈಗ ಲೆಫ್ಟ್ ಖಾಲಿ." ಹಾಗೆ ಹೇಳುತ್ತಲೇ ಎಡಗಾಲೆತ್ತಿ ಹೊಸ್ತಿಲು ದಾಟಿ, ಕುಂಕುಮವಿಟ್ಟ ಹೊಸ್ತಿಲಿನ ಈಚೆಗೆ ಬಂದು ನಿಂತಳು. ಎಷ್ಟು ಚೆಂದವಾಗಿ ಬಂದಳೆಂದರೆ ನನಗೆ ಚಪ್ಪಾಳೆ ಹೊಡೆಯೋಣ ಅನ್ನಿಸಿತು.

ನಮ್ಮವರು ಅವಳನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಇಲ್ಲ. ಆಮೇಲೆ ಬಹಳ ಮರ್ಯಾದೆಯಿಂದ, "ಮೇಡಂ, ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ಆಚೆಗೋಗಿ ಬಲಗಾಲಿಟ್ಟು ಬನ್ನಿ" ಅಂದರು.

ಅವಳು ನನ್ನ ಮುಖ ನೋಡಿದಳು. ನಾಚಿಕೆಯಿಂದ ನನಗೆ ಭೂಮಿಗಿಳಿದುಹೋದರೆ ಸಾಕು ಅನ್ನಿಸಿತು. ಒಳ್ಳೆಯ ಹೆಣ್ಣು, ಹೊರಗೆ ಹೋಗಿ ಬಲಗಾಲಿಟ್ಟು ಬಂದಳು. ಕಾಫಿ ಕುಡಿದಳು. ಹೋಗುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಆಂಟಿ, ಇದು ಕಾಲಿಂದಲ್ಲ. ಇದಕ್ಕೆ ನಾನೇನೂ ಮಾಡಕ್ಕಾಗಲ್ಲ" ಅಂದಳು. ಅವತ್ತು ನನಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ಬರೀ ಸಿಟ್ಟಿತ್ತು.

ಆದರೂ ಕೈ ಕಟ್ಟಿ ಕೂರುವ ಜಾತಿಯಲ್ಲ ನಾನು. ನೆಲದ ಮೇಲೆ ಅಡ್ಡಗೆರೆ ಇದ್ದರೆ ಈ ಕಾಯಿಲೆಯವರು ಅದನ್ನು ದಾಟುವ ನೆಪದಲ್ಲಿ ಹೆಜ್ಜೆ ಇಡುತ್ತಾರೆ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಅಂಗಳದಲ್ಲಿ ಹಾಕಬೇಕಾದ ರಂಗೋಲಿ ಪುಡಿಯನ್ನು ತಂದು ನಡುಮನೆಯಲ್ಲಿ, ಅಡುಗೆಮನೆ ಬಾಗಿಲಲ್ಲಿ, ಬಚ್ಚಲಿನ ದಾರಿಯಲ್ಲಿ ಅಡ್ಡಡ್ಡ ಗೆರೆ ಎಳೆದೆ. ಕೆಲಸ ಮಾಡಿತು. ಗೆರೆ ಕಂಡರೆ ಕಾಲು ಏಳುತ್ತಿತ್ತು. ಸೊಸೆ ನೆಲ ಒರೆಸಿದರೆ ಮತ್ತೆ ಎಳೆಯುವುದು, ಮಗ ಬಣ್ಣದ ಟೇಪು ಅಂಟಿಸಿಕೊಟ್ಟ ಮೇಲೆ ಅದೂ ತಪ್ಪಿತು. ಆದರೆ ಹೊಸ್ತಿಲಿನ ಮುಂದೆ ಎಷ್ಟು ಗೆರೆ ಎಳೆದರೂ ಅಷ್ಟೇ. ಅಲ್ಲಿ ಕಾಲು ಏಳುವುದಕ್ಕೆ ಮುಂಚೆ ಅದು ಯಾವ ಕಾಲು ಎಂಬುದು ತೀರ್ಮಾನವಾಗಬೇಕಿತ್ತು.

ಇಷ್ಟರ ನಡುವೆ ಹೊಟ್ಟೆ ಉರಿಯುವಂಥ ಒಂದು ಸಂಗತಿ ನಡೆಯಿತು. ನನ್ನ ಮಂಡಿನೋವು ಹೋಯಿತು. ಕ್ಲಾಸ್‌ರೂಮಿನಲ್ಲಿ ನಿಂತು ನಿಂತು ಬಂದಿದ್ದ ನೋವು, ಯಾವ ಎಣ್ಣೆಗೂ ಬಗ್ಗದಿದ್ದದ್ದು, ಹೇಳದೆ ಕೇಳದೆ ಹೊರಟುಹೋಯಿತು. ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತುತ್ತಿದ್ದೆ. ಒಂಟಿ ಕಾಲಿನಲ್ಲಿ ನಿಂತು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಮೋಡದ ಹಾಗೆ ಎರಡು ಕೈಗಳನ್ನು ಆಡಿಸುತ್ತ ಪಕ್ಕಕ್ಕೆ ಸರಿಯುವ ಆಟವೊಂದಿದೆ, ಅದನ್ನು ನಾನು ಮಾಡುವಾಗ ಮೇಡಂ ಬಾಕಿಯವರಿಗೆ "ಆಂಟೀನ ನೋಡಿ" ಅನ್ನುತ್ತಿದ್ದಳು. ಬೇಗ ಬೇಗ ಎಂದು ಬದುಕಿದವಳ ಮೈಗೆ ನಿಧಾನ ಬಂದು ಕೂತಿತ್ತು. ಯಾರಿಗೆ ಬೇಕಿತ್ತು ಇದು? ಬಡಿಸಿದ್ದು ಅವರ ಎಲೆಗೆ, ತುಂಬಿದ್ದು ನನ್ನ ಹೊಟ್ಟೆ. ರಾತ್ರಿ ಮಲಗುವಾಗ ಈ ಮಂಡಿಗಳನ್ನು ಕಿತ್ತು ಅವರಿಗೆ ಕೊಡುವ ಹಾಗಿದ್ದರೆ ಎಂದು ಯೋಚಿಸುತ್ತಿದ್ದೆ. ದೇವರ ಮೇಲೆ ನನಗೆ ಅಷ್ಟು ಸಿಟ್ಟು ಮತ್ತೆ ಯಾವತ್ತೂ ಬಂದಿಲ್ಲ.

ಅವರಿಗೂ ಅದು ಗೊತ್ತಾಗುತ್ತಿತ್ತು. "ನೀನು ಪಾಸಾದೆ ಬಿಡು ಮಿಸ್ಸು" ಎಂದು ಒಂದು ದಿನ ಅಂದರು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಅವರು ಬಿದ್ದದ್ದು ಒಂದು ಶುಕ್ರವಾರ. ಪಾರ್ಕಿನಲ್ಲಿ ಅವತ್ತು ಎಂದಿಗಿಂತ ಚೆನ್ನಾಗಿ ಮಾಡಿದ್ದರು. ಶುರುವಿನ ಆಟವನ್ನು ತಪ್ಪಿಲ್ಲದೆ ಮುಗಿಸಿ, ಎರಡೂ ಕೈ ಕೆಳಗಿಳಿಸಿ, ಕೆರೆಯ ಕಡೆ ನೋಡುತ್ತ ನಿಂತಿದ್ದರು. ಮಾತ್ರೆಯೂ ಸರಿಯಾದ ಹೊತ್ತಿಗೆ ಬಿದ್ದಿತ್ತು. ಮನೆಯಲ್ಲಿ ಸೊಸೆ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಅಂಚಿಗೆ ಎಳೆರಂಗೋಲಿ ಬಿಟ್ಟು, ಎರಡೂ ತುದಿಗೆ ಹೂವಿಟ್ಟಿದ್ದಳು. ಮಗ ಆಗಲೇ ಕೆಲಸಕ್ಕೆ ಹೊರಟಾಗಿತ್ತು. ನಾನು ಮೊದಲು ಒಳಗೆ ದಾಟಿ, ತಿರುಗಿ ನಿಂತು, ಎರಡೂ ಕೈ ಚಾಚಿದೆ.

ಅವರು ನನ್ನ ಕೈ ಹಿಡಿಯಲಿಲ್ಲ. ಬಾಗಿಲುವಾಡ ಹಿಡಿದು ನಿಂತರು. ಉಸಿರು ಬಿಟ್ಟರು. ಮೇಡಂ ಹೇಳಿಕೊಟ್ಟ ಹಾಗೆಯೇ ಭಾರವನ್ನು ಬಲಕ್ಕೆ ಹಾಕಿದರು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಇಟ್ಟುಬಿಡ್ತಾರೆ, ಇವತ್ತು ಇಟ್ಟುಬಿಡ್ತಾರೆ ಅಂದುಕೊಂಡೆ. "ಹಾಂ ರೀ, ಹಾಂ, ಬಂತು" ಅಂದೆ.

ಅವರು ಕೆಳಗೆ ನೋಡಿದರು. ಹೊಸ್ತಿಲಿನ ಅರಿಶಿನ, ಹೂವು. ಎತ್ತಿದ ಎಡಗಾಲನ್ನು ಮತ್ತೆ ಕೆಳಗಿಟ್ಟರು.

"ಸುಕ್ರವಾರ ಕಣೇ" ಅಂದರು.

ಬಲಗಾಲನ್ನು ಎಳೆದರು. ಮೈಭಾರವೆಲ್ಲ ಅದರ ಮೇಲೇ ಇತ್ತು. ಕಾಲು ಬರಲಿಲ್ಲ, ಮೈ ಬಂತು. ನನ್ನ ಕೈಗಳಿಗೆ ಸಿಗದೆ ಪಕ್ಕಕ್ಕೆ, ಬಾಗಿಲಿನ ಹೊರಗೆ, ಸಿಮೆಂಟಿನ ಮೇಲೆ ಬಿದ್ದರು. ಮೂಳೆ ಮುರಿದ ಶಬ್ದ ನನಗೆ ಕೇಳಿಸಿತು. ಅವರು ಕೂಗಿಕೊಳ್ಳಲೂ ಇಲ್ಲ. ಮುಖದಲ್ಲಿ ಆಗಲೂ ಏನೂ ಇರಲಿಲ್ಲ, ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು.

ಸೊಂಟದ ಮೂಳೆ. ಆಪರೇಷನ್ ಆಯಿತು, ಎದೆಗೆ ಕಫ ಕಟ್ಟಿಕೊಂಡಿತು, ದಿನಗಟ್ಟಲೆ ಆಸ್ಪತ್ರೆಯಲ್ಲೇ ಇದ್ದರು. ಮಾತು ಇನ್ನಷ್ಟು ಇಳಿಯಿತು. ಯಾರು ಯಾರೆಂಬುದೂ ಕೆಲವೊಮ್ಮೆ ತಪ್ಪುತ್ತಿತ್ತು, ನನ್ನನ್ನು ಅವ್ವಾ ಎಂದು ಕರೆದದ್ದೂ ಉಂಟು. ಇನ್ನು ಮುಂದೆ ಗಾಲಿ ಕುರ್ಚಿ ಎಂದು ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಅವರು ಮೊದಲ ದಿನವೇ ಹೇಳಿದ್ದರು. ಹೇಳಿದ ಹಾಗೇ ಆಯಿತು. ಒಂದನ್ನೇ ತಲೆಯಲ್ಲಿಟ್ಟುಕೊಂಡು ಕಾದೆ, ಅದೊಂದನ್ನೂ ನನ್ನಿಂದ ತಡೆಯಲಾಗಲಿಲ್ಲ.

ಕುರ್ಚಿ ಒಳಗೆ ಬರಬೇಕಾದರೆ ಹೊಸ್ತಿಲು ಹೋಗಬೇಕು. ನಮ್ಮ ಮೇಲಿನ ರೂಮೊಂದರಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವನೊಬ್ಬ ಸಂಸಾರದೊಂದಿಗೆ ಇದ್ದಾನೆ. ಅವನನ್ನು ಕರೆದು ತೋರಿಸಿದೆ. ಅವನು ಗರಗಸ ತಂದವನು ಹೊಸ್ತಿಲು ನೋಡಿ ಹಿಂದೆ ಸರಿದ.

"ಹೊಸ್ತಿಲ ಕೊಯ್ಯಂಗಿಲ್ರಿ ಅಮ್ಮಾರ. ಯಜಮಾನ್ರು ಜೀವಂತ ಇದ್ದಾಗ ಬಾಗಲ ಹೊಸ್ತಿಲಕ್ಕ ಗರಗಸ ಹಚ್ಚಿದ್ರ ಒಳ್ಳೇದಲ್ರಿ. ಬ್ಯಾರೆ ಏನರ ಹೇಳ್ರಿ, ಮಾಡ್ತೀನಿ."

ನಾನು ಒಳಗೆ ಹೋಗಿ ತೆಂಗಿನಕಾಯಿ, ಕರ್ಪೂರ ತಂದೆ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಎತ್ತಿ, ಹೊಸ್ತಿಲಿಗೆ ಹಣೆ ಇಟ್ಟೆ. ಏನು ಕೇಳಿಕೊಂಡೆನೋ ಗೊತ್ತಿಲ್ಲ. ಕ್ಷಮೆಯನ್ನಂತೂ ಕೇಳಲಿಲ್ಲ. ಕೇಳಬೇಕಾದದ್ದು ಅದು, ನನ್ನನ್ನು. ಎದ್ದು, "ಈಗ ಕೊಯ್ಯಪ್ಪಾ, ಪಾಪ ಬಂದ್ರೆ ನನಗೆ ಬರಲಿ" ಅಂದೆ. ಅವನು ಕೊಯ್ದ. ಹಲಸಿನ ಮರ, ಒಳಗೆ ಇನ್ನೂ ಅರಿಶಿನದ ಬಣ್ಣ ಹಾಗೇ ಇತ್ತು. ಆ ಜಾಗಕ್ಕೆ ಸಿಮೆಂಟ್ ಹಾಕಿ ಹೊರಗಿನಿಂದ ಇಳಿಜಾರು ಮಾಡಿದ. ಹಲಸಿನ ತುಂಡನ್ನು ಎಸೆಯಲು ಮನಸ್ಸು ಬಾರದೆ ಮಂಚದ ಕೆಳಗಿಟ್ಟಿದ್ದೇನೆ.

ಇವರನ್ನು ಕರೆತರುವ ದಿನ ಬೆಳಿಗ್ಗೆ ಆ ಸಿಮೆಂಟಿನ ಮೇಲೆಯೇ, ಹೊಸ್ತಿಲಿದ್ದ ಜಾಗದಲ್ಲಿ, ಒಂದು ಗೆರೆ ರಂಗೋಲಿ ಎಳೆದೆ. ಕೈ ತಡೆಯಲಿಲ್ಲ.

ಆಂಬುಲೆನ್ಸಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ಮಗ ಹಿಂದಿನಿಂದ ತಳ್ಳುತ್ತ ಇಳಿಜಾರು ಹತ್ತಿಸಿದ. ಬಾಗಿಲಿಗೆ ಬರುತ್ತಿದ್ದ ಹಾಗೇ ಇವರು ಒಂದು ಕೈಯನ್ನು ಸ್ವಲ್ಪ ಎತ್ತಿದರು. ಸ್ಟಾಪಿನಲ್ಲಿ ಬಸ್ಸು ನಿಲ್ಲಿಸು ಎಂದು ಜನ ಎತ್ತುತ್ತಾರಲ್ಲ, ಅಷ್ಟು. ಮಗ ನಿಲ್ಲಿಸಿದ. ಇವರ ತುಟಿ ಅಲುಗುತ್ತಿತ್ತು. ನಾನು ಬಗ್ಗಿ ಕಿವಿ ಕೊಟ್ಟೆ.

"ಯಾವ್ ಕಾಲು?" ಅಂದರು.

ಮಗ "ಏನಂತಮ್ಮಾ?" ಅಂದ. ನಾನು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ನೋವಿಲ್ಲದ ಮಂಡಿ, ಸುಲಭವಾಗಿ ಕೂರಲಾಯಿತು. "ಬಲಗಾಲೇ ರೀ" ಎಂದು ಹೇಳಿ, ಅವರ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಗೆರೆಯ ಈಚೆಗೆ ತಂದೆ. ಅದು ಎಲ್ಲಿಯೂ ಅಂಟಿಕೊಳ್ಳಲಿಲ್ಲ. ಮೇಡಂ ಹೇಳಿಕೊಟ್ಟಿದ್ದ ಹಾಗೆ ಪೂರ್ತಿ ಖಾಲಿಯಾಗಿತ್ತು ಕಾಲು. ಎತ್ತಿದ ಕೂಡಲೇ ಬಂತು.